ನಮ್ಮ ಹುಡುಗ ಏನ್ ಮಾಡ್ಲಿಕತ್ತಾನ ಅಂದ್ರ

ದೀಪಾವಳಿಯಿಂದ ಈಚೆ ನಂಗ ಬರೋ ಫೋನೆಲ್ಲಾ ಒಂದ ಥರಾ ಶುರು ಆಗ್ತಾವ. ಮೊದಲ "ಆರಾಮ ಇದ್ದೀಯೇನವಾ" ಅಂತ ಕೇಳ್ತಾರ, ಆಮ್ಯಾಲೆ ನಮ್ಮ ಅತ್ತಿಯವರ ಮೊಳಕಾಲು ಹ್ಯಾಂಗದ ಅಂತ ಕೇಳ್ತಾರ, ಆಮ್ಯಾಲೆ ಸ್ವಲ್ಪ ಸುಮ್ಮನಾಗಿ, ದನಿ ಸಣ್ಣ ಮಾಡಿ, "ಮತ್ತ, ಹುಡುಗ ಏನ್ ಮಾಡ್ಲಿಕತ್ತಾನ?" ಅಂತ. ಹುಬ್ಬಳ್ಳಿ ಮೌಶಿ ಕೇಳ್ಯಾರ, ಬೆಳಗಾವಿ ವೈನಿ ಕೇಳ್ಯಾರ, ಪುಣಾದಿಂದ ನಮ್ಮ ಅಕ್ಕ ವಾರಕ್ಕ ಎರಡ ಸಲ ಕೇಳ್ತಾಳ. ಬಾಜೂ ಮನಿ ಕಾಕು ಅಂತೂ ಕರಿಬೇವು ಕೇಳೋ ನೆವ ಮಾಡ್ಕೊಂಡು ಕಂಪೌಂಡ್ ಗೋಡಿ ಮ್ಯಾಲಿಂದನ ಕೇಳ್ತಾರ. ಒಬ್ಬೊಬ್ಬರಿಗೆ ಒಂದೊಂದು ಹೇಳಿ ನಂಗೂ ಸಾಕಾಗೇದ. ಒಬ್ಬರಿಗೆ "ರಜಾ ಅದ" ಅಂದೆ, ಇನ್ನೊಬ್ಬರಿಗೆ "ಕಾಮಣಿ ಆಗಿತ್ತು, ಅದಕ್ಕ ಬಂದಾನ" ಅಂದೆ. ಕಾಮಣಿ ಗೀಮಣಿ ಏನೂ ಆಗಿರಲಿಲ್ಲ. ಅದಕ್ಕ ಇಲ್ಲೇ ಒಮ್ಮೆ ಎಲ್ಲಾರಿಗೂ ಸೇರಿಸಿ ಬರದ ಬಿಡ್ತೀನಿ.

ನಮ್ಮ ಹುಡುಗ ವಿಮಾನ ಕಟ್ಟಲಿಕತ್ತಾನ.

ನಗಬ್ಯಾಡ್ರಿ, ಪೂರ್ತಿ ಓದ್ರಿ.

ಎಸ್ಸೆಸ್ಸೆಲ್ಸಿ ಒಳಗ ಛೊಲೊ ಮಾರ್ಕ್ಸ್ ಬಂದ್ವು ಅಂತ ಅವನ್ನ ದೂರದ ಊರಿನ ವಸತಿ ಕಾಲೇಜಿಗೆ ಹಾಕಿದ್ದು ನಿಮಗೆಲ್ಲಾ ಗೊತ್ತದ. ಪೇಢೆ ಹಂಚಿದ್ದೂ ನೆನಪಿರಬೇಕು. ಧಾರವಾಡದಾಗ ಕಾಲೇಜಿಗೆ ಬರಗಾಲ ಇತ್ತೇನ್ರಿ? ಮಂದಿ ಎಲ್ಲೆಲ್ಲಿಂದಲೋ ತಮ್ಮ ಮಕ್ಕಳನ್ನ ಇಲ್ಲಿಗೆ ತಂದು ಬಿಡ್ತಾರ, ನಾವು ನಮ್ಮ ಕೂಸನ್ನ ಹೊರಗ ಒಯ್ದು ಬಿಟ್ವಿ. ಮುಂಜಾನೆ 5ಕ್ಕ ಎಬ್ಬಿಸಿದ್ರ ರಾತ್ರಿ ಹತ್ತೂವರಿತನಕಾ ಓದು. ವಾರಕ್ಕೊಂದು ಪರೀಕ್ಷಾ, ಅದರ ಮಾರ್ಕ್ಸ್ ನೋಡಿ ಮುಂದಿನ ವಾರ ಯಾವ ಖೋಲಿಯೊಳಗ ಕೂಡಬೇಕು ಅಂತ ಪಟ್ಟಿ ಹಚ್ಚತಾರ. ಮೊದಲನೇ ವರ್ಷ ಹ್ಯಾಂಗೋ ದಾಟಿದ. ಎರಡನೇ ವರ್ಷದ ದೀಪಾವಳಿಗೆ ಬಂದಂವಾ ಹೊಳ್ಳಿ ಹೋಗಲಿಲ್ಲ. ಚಕ್ಕಲಿ ಡಬ್ಬಿ, ತೊಳದ ಬಟ್ಟಿ ಎಲ್ಲಾ ತುಂಬಿ ಬ್ಯಾಗ್ ಬಾಗಲದಾಗ ಇಟ್ಟಿದ್ದೆ, ಆಟೋ ಬಂದು ನಿಂತಿತ್ತು. ಶೂ ಹಾಕ್ಕೊಳ್ಳಲಿಕ್ಕೆ ಕಟ್ಟಿ ಮ್ಯಾಲೆ ಕೂತಂವಾ ಏಳಲೇ ಇಲ್ಲ. ಅಳಲಿಲ್ಲ, ಜಗಳಾ ತಗೀಲಿಲ್ಲ. "ನಂಗ ಆಗಂಗಿಲ್ಲಮ್ಮಾ" ಅಂದ. ಒಂದ ಸಲ ಅಂದ, ಅಷ್ಟ. ಆಟೋದಂವಗ 50 ರೂಪಾಯಿ ಕೊಟ್ಟು ಕಳಿಸಿದೆ.

ಅದರ ಮುಂದಿನ ತಿಂಗಳು ಹ್ಯಾಂಗ ಹೋತು ಅನ್ನೋದನ್ನ ಬರೀಲಿಕ್ಕೆ ನಂಗಾಗಂಗಿಲ್ಲ. ಡಾಕ್ಟರ್ ಕಡೆ ಹೋದ್ವಿ, ಈಗೂ ಹೋಗ್ತೀವಿ, ಅವರು ಹೇಳಿದಂಗ ನಡೀಲಿಕತ್ತೀವಿ. ಆ ವಿಷಯ ಇಲ್ಲಿಗೆ ಸಾಕು. ಹುಡುಗ ಊಟಕ್ಕ ಬರ್ತಿದ್ದ, ತಾಟು ನೋಡ್ಕೋತ ಉಣ್ತಿದ್ದ, ತಾಟು ತೊಳದಿಟ್ಟು ಮತ್ತ ಖೋಲಿ ಸೇರ್ತಿದ್ದ. ಕೈಯಾಗ ಟ್ಯಾಬ್. ಕಾಲೇಜಿನ ಪಾಠ ನೋಡ್ಲಿಕ್ಕೆ ಅಂತ ನಾವ ಕೊಡಿಸಿದ್ದು. ಒಂದ ರಾತ್ರಿ ಎರಡೂವರಿಗೆ ನೀರು ಕುಡೀಲಿಕ್ಕೆ ಎದ್ದೆ, ಅವನ ಬಾಗಲ ಸಂದಿಯೊಳಗಿಂದ ಬೆಳಕು ಬರ್ತಿತ್ತು. ಹಣಿಕಿ ಹಾಕಿದ್ರ ಒಂದ ವಿಮಾನ ಮ್ಯಾಲೆ ಏರ್ತದ, ಪಲ್ಟಿ ಹೊಡೀತದ, ಬೀಳ್ತದ. ಮತ್ತ ಏರ್ತದ, ಮತ್ತ ಬೀಳ್ತದ. ನಂಗ ಎಲ್ಲಿತ್ತೋ ಸಿಟ್ಟು. ಟ್ಯಾಬ್ ಕಸಗೊಂಡು ಒಯ್ದು ಅಕ್ಕಿ ಡಬ್ಬಿಯೊಳಗ ಹುಗದಿಟ್ಟೆ.

ಅಂವಾ ಬೇಡಲಿಲ್ಲ, ಹುಡುಕಲಿಲ್ಲ. ಅದಕ್ಕ ನಂಗ ಅಂಜಿಕಿ ಬಂತು. ಸಣ್ಣಂವಿದ್ದಾಗ ಒಂದ ಪೆನ್ಸಿಲ್ ಕಸಗೊಂಡ್ರ ಓಣಿ ಕೂಡೋ ಹಂಗ ಚೀರ್ತಿದ್ದ ಹುಡುಗ, ಗೋಡಿ ಕಡೆ ಮಾರಿ ಮಾಡಿ ಮೂರ ದಿನ ಮಲಗಿದ. ನಾಕನೇ ದಿನ ಅನ್ನಕ್ಕ ಅಕ್ಕಿ ತಗೀಲಿಕ್ಕೆ ಹೋದಾಗ ಕೈಗೆ ಟ್ಯಾಬ್ ಹತ್ತಿತು. ಸೆರಗಿನಿಂದ ಒರಿಸಿ, ಒಯ್ದು ಅವನ ಹಾಸಿಗಿ ಮ್ಯಾಲಿಟ್ಟು ಬಾಜೂಕ ಕೂತೆ. ಏನ್ ಮಾತಾಡಬೇಕು ಅಂತ ತಿಳೀಲಿಲ್ಲ. "ಅದ್ಯಾಕೋ ಹಂಗ ಪಲ್ಟಿ ಹೊಡೀತದ?" ಅಂದೆ.

ಭಾಳ ಹೊತ್ತಾದ ಮ್ಯಾಲೆ, "ಭಾರ ಹಿಂದದ ಅಮ್ಮಾ" ಅಂದ.

ಊಟಾ ಸಾಕು, ಹೂಂ, ಊಹೂಂ ಬಿಟ್ರ ಒಂದ ತಿಂಗಳಾಗ ಅಂವಾ ನನ್ನ ಕೂಡ ಆಡಿದ ಮೊದಲನೇ ಮಾತು ಅದು. ಇನ್ನ ನಂಗ ವಿಮಾನದ ಬಗ್ಗೆ ಕಲ್ಕೊಳ್ಳೋದ ಬಿಟ್ಟು ಬ್ಯಾರೆ ದಾರಿ ಇರಲಿಲ್ಲ.

ಆಟದ ಹೆಸರು ಸಿಂಪಲ್‌ಪ್ಲೇನ್ಸ್. ಹೆಸರಷ್ಟ ಸಿಂಪಲ್. ಒಂದ ಕಡೆ ಸಾಮಾನಿನ ಪಟ್ಟಿ ಇರ್ತದ: ಪೈಲಟ್ ಕೂಡೋ ಜಾಗ, ಕೊಳವಿಯಂಥಾ ಮೈ ತುಂಡುಗಳು, ರೆಕ್ಕಿ, ಎಂಜಿನ್ನು, ಗಾಲಿ. ಬೆರಳಿಲೆ ಎಳದು ಒಂದಕ್ಕೊಂದು ಜೋಡಿಸ್ಕೋತ ಹೋಗಬೇಕು. ರೆಕ್ಕಿ ಎಷ್ಟ ಉದ್ದ, ಎಷ್ಟ ಅಗಲ, ಮೈ ಎಷ್ಟ ದಪ್ಪ, ಎಣ್ಣಿ ಯಾವ ತುಂಡಿನ್ಯಾಗ ತುಂಬಬೇಕು, ಸುಮ್ನ ತೂಕ ಎಲ್ಲಿ ಹೇರಬೇಕು, ಎಲ್ಲಾ ನಮ್ಮ ಕೈಯಾಗ. ಕಟ್ಟಿದ ಮ್ಯಾಲೆ ರನ್‌ವೇಗೆ ಒಯ್ದು ಹಾರಸೋದು. ಯಾವದು ಹಾರಬೇಕು ಯಾವದು ಬೀಳಬೇಕು ಅಂತ ಆಟ ಮಾಡಿದವ್ರು ಮೊದಲ ಬರದಿಟ್ಟಿರಂಗಿಲ್ಲ. ಗಾಳಿ, ಭಾರ, ಎಂಜಿನ್ನಿನ ಜೋರು ಎಲ್ಲಾ ಲೆಕ್ಕಾ ಹಾಕಿ ಆಟ ತಾನ ನಡಸ್ತದ. ಹಿಂಗಾಗಿ ನೋಡ್ಲಿಕ್ಕೆ ಥೇಟ್ ವಿಮಾನ ಆದ್ರೂ, ಕಟ್ಟಿದ್ದು ತಪ್ಪಿತ್ತು ಅಂದ್ರ ಬೀಳೋದ.

ಒಂದ ಗುಂಡಿ ಒತ್ತಿದ್ರ ವಿಮಾನದ ಮೈಯೊಳಗ ಮೂರು ಬಣ್ಣದ ಗುಂಡು ಕಾಣಸ್ತಾವ. ಕೆಂಪು ಗುಂಡು ಅಂದ್ರ ಇಡೀ ವಿಮಾನದ ಭಾರ ಒಟ್ಟುಗೂಡಿದ ಜಾಗ. ಬಿಂದಗಿ ಟೊಂಕದ ಮ್ಯಾಲೆ ಇಟ್ಕೊಂಡಾಗ ಎಲ್ಲಿ ಇಟ್ರ ಸಮ ನಿಲ್ತದ ಅಂತ ನಮಗ ಗೊತ್ತಿರ್ತದಲ್ಲಾ, ಹಂಗ. ನೀಲಿ ಗುಂಡು ಅಂದ್ರ ರೆಕ್ಕಿ, ಬಾಲ ಎಲ್ಲಾ ಸೇರಿ ವಿಮಾನನ್ನ ಮ್ಯಾಲೆ ಎತ್ತೋ ಜಾಗ. ಹಳದಿ ಗುಂಡು ಎಂಜಿನ್ನು ಜಗ್ಗೋ, ದಬ್ಬೋ ಜಾಗ. ನೀಲಿ ಗುಂಡು ಕೆಂಪು ಗುಂಡಿನಕಿಂತ ಒಂಚೂರು ಹಿಂದ ಇರಬೇಕು. ಒಂಚೂರು ಮಾತ್ರ.

ಯಾಕ ಅಂತ ಕೇಳಿದೆ. ಅಂವಾ ಎದ್ದು ಅಡಿಗಿ ಮನಿಗೆ ಬಂದ. ಅಂವಾ ಎದ್ದು ಬಂದ ಅಂತ ನಂಗ ಒಳಗ ಎಷ್ಟ ಖುಷಿ ಆತು ಅಂದ್ರ ಪಾಠ ಅರ್ಧಾ ಕೇಳಿಸಲೇ ಇಲ್ಲ. ಒಂದ ಬೋಗುಣಿಯೊಳಗ ನಿಂಬಿಹಣ್ಣು ಇಟ್ಟು ಬೆರಳಿಲೆ ದಬ್ಬಿದ. ಹಣ್ಣು ಮ್ಯಾಲೆ ಹೋಗಿ ಮತ್ತ ತಳಕ್ಕ ಬಂತು, ನಾಕ ಸಲ ಆಕಡೆ ಈಕಡೆ ಆಡಿ ನಿಂತಿತು. ಆಮ್ಯಾಲೆ ಬೋಗುಣಿ ಡಬ್ಬ ಹಾಕಿ ಅದರ ಮ್ಯಾಲೆ ಹಣ್ಣು ಇಟ್ಟ. ಹ್ಯಾಂಗೋ ನಿಂತಿತು. ಒಂದ ಊದು ಊದಿದ್ದಕ್ಕ ಉಳ್ಳಿ ಹೋಗಿ ಫ್ರಿಜ್ಜಿನ ಬುಡಕ್ಕ ಸೇರಿತು. ನೀಲಿ ಗುಂಡು ಹಿಂದ ಇದ್ರ ವಿಮಾನ ಮೊದಲನೇ ಬೋಗುಣಿಯಂತೆ. ಗಾಳಿ ಹೊಡತಕ್ಕ ಮೂಗು ಮ್ಯಾಲೆದ್ರ ರೆಕ್ಕಿಗೆ ಎತ್ತೋ ಶಕ್ತಿ ಹೆಚ್ಚಾಗ್ತದ, ಆ ಹೆಚ್ಚಿಂದು ಭಾರದ ಹಿಂದ ಎತ್ತತದ, ಹಿಂಗಾಗಿ ಹಿಂದಿಂದು ಏರಿ ಮೂಗು ತಾನ ಕೆಳಗ ಬರ್ತದ. ನೀಲಿ ಮುಂದ ಇತ್ತೋ, ಎತ್ತಿದ್ದು ಇನ್ನೂ ಎತ್ತತದ, ಇನ್ನೂ ಎತ್ತತದ, ಕಡೀಕ ಪಲ್ಟಿ.

ಅತ್ತಿಯವರು ಪಡಸಾಲ್ಯಾಗ ಬತ್ತಿ ಹೊಸೀತ ಕೂತಿದ್ರು. ಎಲ್ಲಾ ಕೇಳಿಸ್ಕೊಂಡು, "ಇದರಾಗೇನದನೋ, ಚಕ್ಕಡಿ ಹೇರಿದಂಗ ಆತು" ಅಂದ್ರು. ಅವರ ತವರಮನಿ ನವಲಗುಂದದ ಕಡೆ ಹಳ್ಳಿ, ಹತ್ತಿ ಬೆಳಿಯೋ ಎರಿ ಸೀಮಿ. "ನಮ್ಮಪ್ಪ ಹುಬ್ಬಳ್ಳಿ ಪ್ಯಾಟಿಗೆ ಹತ್ತಿ ಅಂಡಿಗಿ ಹೇರಿಸೋವಾಗ ಆಳುಗಳಿಗೆ ಮ್ಯಾಲಿಂದ ಮ್ಯಾಲೆ ಹೇಳ್ತಿದ್ದ. ಹಿಂದ ಭಾರ ಹೆಚ್ಚಾತಂದ್ರ ನೊಗ ಮ್ಯಾಲೆದ್ದು ಎತ್ತಿನ ಕುತ್ತಿಗಿಗೆ ಉರ್ಲಾಗ್ತದ. ಮುಂದ ಹೆಚ್ಚಾತಂದ್ರ ಹೆಗಲು ಹುಣ್ಣಾಗ್ತದ, ಎತ್ತು ಹೆಜ್ಜಿ ಕಿತ್ತಂಗಿಲ್ಲ. ನೊಗ ಹೆಗಲ ಮ್ಯಾಲೆ ಕೂತಿರಬೇಕು, ಖರೇ ಎತ್ತಿಗೆ ಅದು ಭಾರ ಅನಸಬಾರದು. ಇಷ್ಟ ಮುಂದ ಭಾರ ಬೇಕು" ಅಂತ ಎರಡ ಬೆರಳು ಜೋಡಿಸಿ ತೋರಿಸಿದ್ರು.

ಹುಡುಗ ಅಜ್ಜಿ ಬೆರಳು ನೋಡಿದ, ಟ್ಯಾಬ್ ನೋಡಿದ. ಎರಡ ಬೆರಳು ತಂದು ಕೆಂಪು, ನೀಲಿ ಗುಂಡಿನ ನಡು ಇಟ್ಟ. ಹೌದ್ರಿ, ಬರೋಬ್ಬರಿ ಅಷ್ಟ ಜಾಗ. ಅಂವಾ ನಕ್ಕ. ಅತ್ತಿಯವರಿಗೆ ಯಾಕ ನಕ್ಕ ಅಂತ ತಿಳೀಲಿಲ್ಲ, ತಾವೂ ನಕ್ಕ್ರು. ನಾನು ಒಗ್ಗರಣಿ ಹೊತ್ತೀತು ಅಂತ ಒಳಗ ಹೋದೆ. ಒಲಿ ಮ್ಯಾಲೆ ಒಗ್ಗರಣಿ ಇರಲೇ ಇಲ್ಲ.

ಮರುದಿನದಿಂದ ನಂಗೂ ಒಂದ ವಿಮಾನ ಕಟ್ಟಲಿಕ್ಕೆ ಹಚ್ಚಿದ. ಮಧ್ಯಾಹ್ನ ಊಟಾ ಆಗಿ ಭಾಂಡಿ ಮುಗದ ಮ್ಯಾಲೆ ಒಂದ ತಾಸು. ನನ್ನ ಮೊದಲನೇ ವಿಮಾನಕ್ಕ ಹೋಳಿಗಿ ಲಟ್ಟಿಸಿದಂಗ ದೊಡ್ಡ ರೆಕ್ಕಿ ಹಚ್ಚಿದೆ, ದೊಡ್ಡದಿದ್ರ ಛೊಲೊ ಹಾರ್ತದ ಅಂತ. ಹಿಂದ ನೆಟ್ಟಗ ನಿಲ್ಲೋ ಬಾಲ ಹಚ್ಚೋದು ಮರತೆ. ರನ್‌ವೇ ಬಿಟ್ಟು ಮ್ಯಾಲೆದ್ದಿದ್ದ ತಡ, ಬುಗುರಿಯಂಗ ತಿರುಗಿ ಸಮುದ್ರಕ್ಕ ಬಿತ್ತು. ಪಟಕ್ಕ ಬಾಲಂಗೋಚಿ ಯಾಕ ಕಟ್ತೀವಿ ಅಂತ ನಂಗ ಸಣ್ಣಾಕಿ ಇದ್ದಾಗಿಂದ ಗೊತ್ತಿದ್ದೂ ವಿಮಾನಕ್ಕ ಬೇಕು ಅಂತ ಹೊಳೀಲಿಲ್ಲ ನೋಡ್ರಿ. ಎರಡನೇದು ಏಳಲೇ ಇಲ್ಲ, ರನ್‌ವೇ ಮುಗಿಯೋತನಕಾ ನೆಲದ ಮ್ಯಾಲೆ ಓಡಿ ನೀರಿಗೆ ಹೋತು. ಗಾಲಿ ಭಾಳ ಹಿಂದ ಇದ್ವು. ಮೂಗು ಎತ್ತಬೇಕಂದ್ರ ಹಿಂದಿನ ಗಾಲಿ ಮ್ಯಾಲೆ ವಿಮಾನ ತೂಗಬೇಕು, ಅದಕ್ಕ ದೊಡ್ಡ ಗಾಲಿ ಕೆಂಪು ಗುಂಡಿನ ಸ್ವಲ್ಪ ಹಿಂದ ಅಷ್ಟ ಇರಬೇಕಂತ. ಸರಿ ಅಂತ ಮುಂದ ತಂದೆ. ಅತೀ ಮುಂದ ಬಂದ್ವು, ವಿಮಾನ ನಿಂತಲ್ಲೇ ಹಿಂದಕ್ಕ ಕುಕ್ಕರಿಸಿ ಕೂತಿತು, ಮುದಿ ಎಮ್ಮಿ ಕೂತಂಗ.

ಬಾಲದ ಲೆಕ್ಕಾ ಮಾತ್ರ ನಂಗ ಭಾಳ ಸೇರ್ತು. ಬಾಲ ಭಾರದಿಂದ ಎಷ್ಟ ದೂರ ಇರ್ತದೋ ಅಷ್ಟ ಸಣ್ಣದು ಇದ್ರೂ ನಡೀತದ. ಬಾಗಲನ್ನ ಕೀಲಿನ ಹತ್ರ ಹಿಡದು ದಬ್ಬಿ ನೋಡ್ರಿ, ಏಳು ಹನ್ನೊಂದು ಆಗ್ತದ, ಚಿಲಕದ ಕಡೆ ಹಿಡದು ದಬ್ಬಿದ್ರ ಒಂದ ಬೆರಳು ಸಾಕು. ಮೈ ಗಿಡ್ಡ ಇದ್ದ ವಿಮಾನಕ್ಕ ದೊಡ್ಡ ಬಾಲ ಬೇಕು, ಉದ್ದ ಮೈ ಇದ್ದದ್ದಕ್ಕ ಸಣ್ಣದು ಸಾಕು. ಇನ್ನ ರೆಕ್ಕಿಗಳನ್ನ ತುದಿಗೆ ಒಂಚೂರು ಮ್ಯಾಲೆ ಎತ್ತಿ ಹಚ್ಚಿದ್ರ, ಒಂದ ಕಡೆ ವಾಲಿದ ವಿಮಾನ ತಾನ ಸಮ ಆಗ್ತದ. ಹದ್ದು ತೇಲೋವಾಗ ರೆಕ್ಕಿ ಎತ್ತಿರ್ತದಲ್ಲಾ, ಹಂಗ.

ಆಟದಾಗ ಮೋಸಾನೂ ಅದ. ಗೈರೋಸ್ಕೋಪ್ ಅಂತ ಒಂದ ಸಾಮಾನದ, ಅದನ್ನ ವಿಮಾನದ ಹೊಟ್ಟಿಯೊಳಗ ಇಟ್ರ ಎಂಥಾ ಅಡ್ನಾಡಿ ವಿಮಾನನೂ ಸೆಟದು ನಿಲ್ತದ. ಭಾಳ ಮಂದಿ ಹಂಗ ಮಾಡ್ತಾರಂತ. ಕಾಣದಂಗ ಮೈಯೊಳಗ ರೆಕ್ಕಿ ಮುಚ್ಚಿಡೋದು, ತೂಕ ಸೊನ್ನಿ ಮಾಡೋದು, ಇವೂ ನಡೀತಾವ. ನಮ್ಮ ಹುಡುಗಗ ಅವು ಸೇರಂಗಿಲ್ಲ. ಖರೇ ವಿಮಾನ ಎಷ್ಟ ತೂಕ ಇರ್ತದೋ ಅಷ್ಟ ತೂಕ, ಎಷ್ಟ ಉದ್ದ ಇರ್ತದೋ ಅಷ್ಟ ಉದ್ದ, ಎಷ್ಟ ನಿಧಾನ ತಿರಗ್ತದೋ ಅಷ್ಟ ನಿಧಾನ. "ಆಟದಾಗ ಯಾಕೋ ಇಷ್ಟ ತ್ರಾಸ?" ಅಂದ್ರ, "ಗೈರೋ ಹಾಕಿದ್ರ ಅದು ಹಾರಂಗಿಲ್ಲಮ್ಮಾ, ಯಾರೋ ಹಿಡಕೊಂಡಿರ್ತಾರ" ಅಂದ. ನಾ ಒಂದಿನ ಅಂವಾ ಸ್ನಾನಕ್ಕ ಹೋದಾಗ ಕದ್ದು ಒಂದ ಹಾಕಿದ್ದೆ. ಬಂದಂವಾ ಎರಡ ಸೆಕೆಂಡಿನ್ಯಾಗ ಹಿಡದ.

ಅಂವಾ ಆ ಎರಡೂವರಿ ರಾತ್ರಿಯೊಳಗ ಕಟ್ಟಲಿಕತ್ತಿದ್ದು ತೇಜಸ್ ಅಂತ ಆಮ್ಯಾಲೆ ತಿಳೀತು. ನಮ್ಮ ಬೆಂಗಳೂರಿನ ತೇಜಸ್ ರೀ, 2001ರ ಜನವರಿ 4ಕ್ಕ ಮೊದಲನೇ ಸಲ ಹಾರಿದ್ದು. ಮೂರು ಮೂಲಿ ರೆಕ್ಕಿ, ಹಿಂದ ಆಡ್ಡ ಬಾಲ ಇಲ್ಲ, ಎಂಜಿನ್ನು ಹಿಂದ. ಥೇಟ್ ಹಂಗ ಕಟ್ಟಿದ್ರ ಆಟದಾಗ ನಿಲ್ಲಂಗಿಲ್ಲ, ಯಾಕಂದ್ರ ಖರೇ ತೇಜಸ್‌ನ ಬೇಕಂತನ ನಿಲ್ಲದ ಹಂಗ ಮಾಡ್ಯಾರ. ಯುದ್ಧದ ವಿಮಾನ ಥಟ್ಟನ ತಿರಗಬೇಕಲ್ಲ, ತಾನ ನೆಟ್ಟಗ ಹೋಗೋ ಹಟ ಇದ್ದ ವಿಮಾನ ಲಗೂನ ತಿರಗಂಗಿಲ್ಲ. ಅದಕ್ಕ ಅದನ್ನ ಡಬ್ಬ ಹಾಕಿದ ಬೋಗುಣಿ ಮ್ಯಾಲೆ ಇಟ್ಟು, ಬೀಳದಂಗ ನೋಡ್ಕೊಳ್ಳೋ ಕೆಲಸಾ ಕಂಪ್ಯೂಟರ್‌ಗೆ ಕೊಟ್ಟಾರ. ಪೈಲಟ್ ಕೈ ಅಷ್ಟ ಲಗೂನ ಆಡಂಗಿಲ್ಲ, ಕಂಪ್ಯೂಟರ್ ಕ್ಷಣಕ್ಕ ಎಷ್ಟೋ ಸಲ ರೆಕ್ಕಿ ಅಂಚು ಅಲಗಾಡಿಸಿ ಸಂಭಾಳಿಸ್ತದ. ನಮ್ಮ ಹುಡುಗ ಅಂಥಾದ್ದನ್ನ ಬರೇ ಹೆಬ್ಬೆರಳಿಲೆ ಹಾರಸ್ಲಿಕ್ಕೆ ತಿಂಗಳಗಟ್ಟಲೆ ಒದ್ದಾಡ್ಯಾನ. "ಗೊತ್ತಿದ್ದೂ ಯಾಕ ಅದನ್ನ ಹಿಡಕೊಂಡ ಕೂತಿದ್ದಿ?" ಅಂತ ಕೇಳಿದೆ. "ಮೊದಲ ಗೊತ್ತಿರಲಿಲ್ಲ. ನಂದ ಏನೋ ತಪ್ಪಾಗ್ಲಿಕತ್ತದ ಅಂತ ಅನಕೊಂಡಿದ್ದೆ" ಅಂದ.

ಈಗ ತೇಜಸ್ ಬಿಟ್ಟು ಸೆಸ್ನಾ 172 ಹಿಡದಾನ. ನೀವು ಸಿನೆಮಾದಾಗ ನೋಡಿರ್ತೀರಿ, ಮ್ಯಾಲೆ ರೆಕ್ಕಿ, ಮುಂದ ಪಂಖಾ, ನಾಕ ಮಂದಿ ಕೂಡೋ ವಿಮಾನ. ಪೈಲಟ್ ಆಗೋರು ಕಲಿಯೋದು ಅದರಾಗ. 1956ರಿಂದ ಕಟ್ಲಿಕತ್ತಾರ, 44 ಸಾವಿರಕ್ಕಿಂತ ಹೆಚ್ಚು ಕಟ್ಯಾರ, ಜಗತ್ತಿನ್ಯಾಗ ಎಲ್ಲಾದಕಿಂತ ಹೆಚ್ಚು ಕಟ್ಟಿದ ವಿಮಾನ ಅದು. ಕಲಿಯೋರ ಕೈ ತಪ್ಪಿದ್ರೂ ಅದು ತಾನ ಸಮ ಆಗ್ತದ. ಅದಾದ ಮ್ಯಾಲೆ ಎಚ್‌ಟಿ-2 ಅಂತ, 1951ರಾಗ ಬೆಂಗಳೂರಾಗ ಹಾರಿದ, ಘಾಟಗೆ ಅನ್ನೋರು ಮುಂದ ನಿಂತು ಮಾಡಿದ ಎರಡ ಸೀಟಿನ ಕಲಿಕಿ ವಿಮಾನ, ಅದನ್ನ ಕಟ್ತಾನಂತ.

ಹೋದ ವಾರ ಅವನ ಪುಸ್ತಕ ಜಾಡಿಸಿ ಇಡೋವಾಗ ಕೆಮಿಸ್ಟ್ರಿ ನೋಟಬುಕ್ಕಿನ ಹಿಂದಿನ ಹಾಳಿ ನೋಡಿದೆ. ಸೆಸ್ನಾ, ತುಂಬಿದ ತೂಕ ಸುಮಾರು 1,100 ಕಿಲೋ, ರೆಕ್ಕಿ 16 ಚದರ ಮೀಟರ್, ಅಂದ್ರ ಒಂದೊಂದು ಚದರ ಮೀಟರ್ ರೆಕ್ಕಿ ಮ್ಯಾಲೆ ಸುಮಾರು 69 ಕಿಲೋ. ಅದರ ಕೆಳಗ ಏರ್‌ಬಸ್ 320, 78 ಟನ್, ರೆಕ್ಕಿ 122 ಚದರ ಮೀಟರ್, ಒಂದೊಂದರ ಮ್ಯಾಲೆ 630ಕ್ಕಿಂತ ಹೆಚ್ಚು. ಬಾಜೂಕ ಬರದಿದ್ದ: "ಅದಕ್ಕ ಜೋರಿಲೆ ಇಳೀತದ." ಅದರ ಮುಂದಿನ ಹಾಳಿಗಳೊಳಗ ಕಾಲೇಜಿನ ವಾರದ ಪರೀಕ್ಷಾದ ಮಾರ್ಕ್ಸ್ ಬರದು, ಬರದು, ಕಾಟು ಹೊಡದಿದ್ದ. ಹಾಳಿ ಹರಿಯೋ ಹಂಗ ಕಾಟು ಹೊಡದಿದ್ದ. ನಾ ನೋಟಬುಕ್ ಮುಚ್ಚಿ ಇದ್ದಲ್ಲೇ ಇಟ್ಟೆ.

ಇವರಿಗೆ, ಅಂದ್ರ ನಮ್ಮನಿಯವರಿಗೆ, ಇದೆಲ್ಲಾ ಇನ್ನೂ ಪಟಾಯಿಸಿಲ್ಲ. "ವಿಮಾನ ಕಟ್ಟಿ ಹೊಟ್ಟಿ ತುಂಬ್ತದೇನು?" ಅಂತಾರ. ಅವರ ಸಂಕಟಾನೂ ನಂಗ ತಿಳೀತದ, ಎರಡ ವರ್ಷದ ಫೀ ಕಟ್ಟಿದವ್ರು ಅವರು. ಆದ್ರ ಒಂದ ಭಾನುವಾರ ಚಹಾ ಕುಡ್ಕೋತ ತಾವ ಹೇಳಿದ್ರು, ಒಮ್ಮೆ ಹುಬ್ಬಳ್ಳಿಯಿಂದ ಪಂಖಾದ ಸಣ್ಣ ವಿಮಾನದಾಗ ಬೆಂಗಳೂರಿಗೆ ಹೊಂಟಾಗ ಅರ್ಧಾ ಸೀಟು ಖಾಲಿ ಇದ್ವಂತ, ಗಗನಸಖಿ ಬಂದು ಮುಂದ ಕೂತ ನಾಕೈದು ಮಂದಿನ್ನ ಎಬ್ಬಿಸಿ ಹಿಂದ ಕೂಡಿಸಿದ್ಲಂತ. ಇವರು ಕಿಡಕಿ ಸೀಟಿಗೆ ರೊಕ್ಕಾ ಕೊಟ್ಟೇನಿ ಅಂತ ಜಗಳಾ ತಗದಿದ್ರಂತ. ಹುಡುಗ, "ಅಪ್ಪಾ, ನೀ ಕೆಂಪು ಗುಂಡು ಆಗಿದ್ದಿ" ಅಂದ. ಅಪ್ಪ ಮಗ ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಭಾಳ ದಿನಕ್ಕ.

ಅಂವಾ ಆರನೇ ಇಯತ್ತೆ ಇದ್ದಾಗ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ತೋರಿಸಿದ್ವಿ. ಅಲ್ಲೆ ರೈಟ್ ಅಣ್ಣತಮ್ಮಂದಿರ ವಿಮಾನದಂಥಾದ್ದ ಒಂದು ಮಾಡಿ ಇಟ್ಟಾರ. ಆವಾಗ ನಾನು ಬಟ್ಟಿ ಒಣಗ ಹಾಕೋ ಚೌಕಟ್ಟು ಇದ್ದಂಗದ ಅಂತ ನಕ್ಕಿದ್ದೆ. ಅದರದೂ ಬಾಲ ಮುಂದ, ಅದೂ ನಿಲ್ಲೋ ವಿಮಾನ ಅಲ್ಲಂತ. ಹಾರಸೋ ಮನಶಾ ಕ್ಷಣ ಬಿಡದ ಸಂಭಾಳಿಸ್ತಾನ ಇರಬೇಕು. 1903ರ ಡಿಸೆಂಬರ್ 17ಕ್ಕ ಮೊದಲ ಹಾರಿದ್ದು 12 ಸೆಕೆಂಡು, 120 ಫೂಟು. ಹುಡುಗ ಅದನ್ನೂ ಆಟದಾಗ ಕಟ್ಟಿ ನೋಡಿದ. "12 ಸೆಕೆಂಡು ಭಾಳ ಕಡಿಮಿ ಅಂತ ಅನಕೊಂಡಿದ್ದೆ ಅಮ್ಮಾ, ನಂಗ 7 ಆಗವಲ್ದು" ಅಂದ. ಆ ಅಣ್ಣತಮ್ಮಂದಿರು ಇಬ್ಬರೂ ಹೈಸ್ಕೂಲಿನ ಸರ್ಟಿಫಿಕೇಟು ತಗೊಂಡವ್ರಲ್ಲ. ಅದಕ್ಕ ನಾ ನಮ್ಮ ಹುಡುಗನ್ನ ರೈಟ್ ಸಾಹೇಬರ ಸಾಲಿನ್ಯಾಗ ಕೂಡಿಸ್ಲಿಕತ್ತೇನಿ ಅಂತ ತಿಳ್ಕೋಬ್ಯಾಡ್ರಿ, ಅಷ್ಟ ಹುಚ್ಚಿ ಅಲ್ಲ. ನಂಗ ಸೇರಿದ್ದು ಅವರ ತಂಗಿ ಕ್ಯಾಥರಿನ್. ಸಾಲಿ ಮಾಸ್ತರಿಣಿ. 1908ರಾಗ ಆರ್ವಿಲ್ ವಿಮಾನ ಬಿದ್ದು ಎಲುಬು ಮುರಕೊಂಡಾಗ ನೌಕರಿಗೆ ರಜಾ ಹಾಕಿ ದವಾಖಾನಿಯೊಳಗ ಅವನ ಹಾಸಿಗಿ ಬಾಜೂಕ ವಾರಗಟ್ಟಲೆ ಕೂತಾಕಿ ಆಕಿ. ಮ್ಯೂಸಿಯಂದಾಗ ಆಕಿ ಹೆಸರು ನೋಡಿದ ನೆನಪು ನಂಗಿಲ್ಲ.

ಇನ್ನ ನನ್ನ ವಿಮಾನದ ಸುದ್ದಿ. ಹನ್ನೊಂದನೇದು ನಿಂತಿತು. ಮ್ಯಾಲೆ ರೆಕ್ಕಿ, ಉದ್ದ ಬಾಲ, ಅರಿಷಿಣ ಬಣ್ಣ. ಏರಿಸಿ ಸಮ ಮಾಡಿದ ಮ್ಯಾಲೆ ಹುಡುಗ, "ಕೈ ಬಿಡು" ಅಂದ. "ಬೀಳ್ತದಲೋ!" "ಬಿಡಮ್ಮಾ." ಹೆಬ್ಬೆರಳು ತಗದೆ. ಮೂಗು ಕೆಳಗ ಹೋತು, ನನ್ನ ಜೀವ ಬಾಯಿಗೆ ಬಂತು. ಕೆಳಗ ಹೋದಂಗ ವೇಗ ಹೆಚ್ಚಾತು, ವೇಗ ಹೆಚ್ಚಾದಂಗ ತಾನ ಮ್ಯಾಲೆದ್ದಿತು, ಮ್ಯಾಲೆ ಹೋಗಿ ವೇಗ ಕಡಿಮಿ ಆಗಿ ಮತ್ತ ಬಾಗಿತು. ತೊಟ್ಟಿಲಾ ಜೀಕಿ ಬಿಟ್ಟಂಗ, ಮೊದಲ ದೊಡ್ಡ ತೂಗು, ಆಮ್ಯಾಲೆ ಸಣ್ಣದು, ಆಮ್ಯಾಲೆ ಇನ್ನೂ ಸಣ್ಣದು, ಕಡೀಕ ನೆಟ್ಟಗ ಹೊಂಟಿತು. ಯಾರೂ ಹಿಡದಿಲ್ಲ. ಅತ್ತಿಯವರು ಚಷ್ಮಾ ಹಾಕ್ಕೊಂಡು ಬಂದು ಬಗ್ಗಿ ನೋಡಿದ್ರು. "ಎಲ್ಲಿಗೆ ಹೊಂಟದೋ ಅದು?" ಅಂತ ಕೇಳಿದ್ರು. "ಎಲ್ಲೂ ಇಲ್ಲ ಅಜ್ಜಿ, ಸುಮ್ನ ಹೊಂಟದ."

ಮೂರೂ ಮಂದಿ ಸುಮ್ನ ಕೂತು ನೋಡಿದ್ವಿ. ಆದ್ರ ಹತ್ತ ನಿಮಿಷಾದ ಮ್ಯಾಲೆ ಮೂಗು ಮೆಲ್ಲಕ ಮ್ಯಾಲೇಳ್ಲಿಕ್ಕೆ ಹತ್ತಿತು. ಇನ್ನೂ ಎದ್ದಿತು. ನಾ ಬೆರಳು ಇಡೋದ್ರಾಗ ಪಲ್ಟಿ. ಇಷ್ಟೊತ್ತು ಛೊಲೊ ಇದ್ದದ್ದು ಈಗ ಯಾಕ ಹಿಂಗಾತು ಅಂತ ನಾನೂ ಹುಡುಗನೂ ತಲಿ ಕೆರಕೋತ ಕೂತ್ರ ಅತ್ತಿಯವರು ಬತ್ತಿ ಹೊಸ್ಕೋತನ, "ಮುಂದಿನ ಅಂಡಿಗಿ ಇಳಿಸಿರೇನು?" ಅಂದ್ರು.

ಅದ ಆಗಿತ್ತು. ಎಣ್ಣಿ ಎಲ್ಲಾ ಮೂಗಿನ ತುಂಡಿನ್ಯಾಗ ತುಂಬಿದ್ದೆ. ಎಣ್ಣಿ ಸುಟ್ಟಂಗ ಮೂಗು ಹಗರ ಆಗಿ ಕೆಂಪು ಗುಂಡು ಹಿಂದ ಸರದು ನೀಲಿನ್ನ ದಾಟಿತ್ತು. ಎಣ್ಣಿನ್ನ ರೆಕ್ಕಿ ನಡು, ಕೆಂಪು ಗುಂಡಿನ ಹತ್ರನ ಇಡಬೇಕು, ಖರ್ಚಾದ್ರೂ ತೂಕ ಆಕಡೆ ಈಕಡೆ ಸರೀಬಾರದು. ಮೂಗಿಗೆ ಬ್ಯಾರೆ ತೂಕ ಹಾಕಬೇಕು, ಕರಗದಂಥಾದ್ದು. ಈಗ ಹಂಗ ಮಾಡೇನಿ. ನಿನ್ನೆ ಎಣ್ಣಿ ಪೂರ್ತಿ ಮುಗಿಯೋತನಕಾ ಹಾರಿ, ಎಂಜಿನ್ನು ಬಂದ್ ಆದ ಮ್ಯಾಲೂ ತೇಲ್ಕೋತ ಬಂದು ನೀರಿನ ಮ್ಯಾಲೆ ಇಳೀತು. ಗಾಲಿ ಮುರದ್ವು, ರೆಕ್ಕಿ ಉಳದ್ವು.

ಮುಂದಿನ ತಿಂಗಳು ಅತ್ತಿಯವರಿಗೆ 80 ತುಂಬ್ತದ, ಮನಿಯೊಳಗ ಸತ್ಯನಾರಾಯಣ ಪೂಜಾ ಇಟ್ಟೀವಿ. ನೀವೆಲ್ಲಾರೂ ಬರ್ತೀರಿ, ಬರಬೇಕು. ಈ ವರ್ಷದ ಪರೀಕ್ಷಾಕ್ಕ ಅಂವಾ ಕೂಡಂಗಿಲ್ಲ, ಮುಂದಿನ ವರ್ಷ ಏನು ಅಂತ ನಮಗ ಇನ್ನೂ ಗೊತ್ತಿಲ್ಲ, ಗೊತ್ತಾದ ದಿನ ನಾನ ಇಲ್ಲೆ ಬರೀತೀನಿ. ಅಲ್ಲೀತನಕಾ ಅವನ್ನ ನಡು ನಿಂದ್ರಿಸಿ "ಮುಂದ ಏನಪಾ" ಅಂತ ಕೇಳಬ್ಯಾಡ್ರಿ, ಕೈ ಮುಗದು ಕೇಳ್ಕೋತೀನಿ. ಹುಬ್ಬಳ್ಳಿ ಮೌಶಿ, ನಿಮಗ ಖಾಸ ಹೇಳ್ಲಿಕತ್ತೇನಿ. ಏನರೆ ಕೇಳಲೇಬೇಕು ಅನಿಸಿದ್ರ, ಕೆಂಪು ಗುಂಡು ಎಲ್ಲೆ ಬಂದದ ಅಂತ ಕೇಳ್ರಿ. ಒಂದ ತಾಸು ಕೂಡಲಿಕ್ಕೆ ಪುರಸೊತ್ತು ಇಟ್ಕೊಂಡು ಕೇಳ್ರಿ ಮತ್ತ. ಪ್ರಸಾದದ ಸಜ್ಜಿಗಿ ಆರಿ ಹೋದ್ರೂ ಬಿಡಂಗಿಲ್ಲ ಅಂವಾ.